ಶಾಲೆಯಲ್ಲಿ ಗನ್ ಇರುವ ಪೊಲೀಸ್ ಇದ್ದಾರೆ, ಸರಿ. ಗಾಯ ಒತ್ತಿ ಹಿಡಿಯುವವರು ಯಾರು?

ಗಣೇಶನ ಹಬ್ಬಕ್ಕೆ ನಮ್ಮ ಕನ್ನಡ ಸಂಘದಲ್ಲಿ ಊಟ ಇತ್ತು. ಹೊಸದಾಗಿ ಟೆಕ್ಸಸ್‌ಗೆ ಬಂದ ಒಂದು ಕುಟುಂಬ ನನ್ನ ಪಕ್ಕದಲ್ಲೇ ಕೂತಿತ್ತು. ಮಗಳು ಎರಡನೇ ತರಗತಿ. ನಾನು ಆಸ್ಪತ್ರೆಯ ಟ್ರಾಮಾ ವಿಭಾಗದಲ್ಲಿ, ಅಂದರೆ ದೊಡ್ಡ ಗಾಯವಾದವರನ್ನು ನೋಡುವ ಕಡೆ, ನರ್ಸ್ ಅಂತ ಗೊತ್ತಾದ ಕೂಡಲೇ ಆ ತಾಯಿ ಕೇಳಿದರು: "ಅಕ್ಕಾ, ಇವಳ ಸ್ಕೂಲಲ್ಲಿ ಗನ್ ಇಟ್ಕೊಂಡಿರೋ ಪೊಲೀಸ್ ಇದ್ದಾರಂತೆ. ಹಾಗಾದ್ರೆ ಭಯ ಇಲ್ಲ ಅಲ್ವಾ?"

ಶಾಲೆಯೊಳಗೆ ಯಾರಾದರೂ ಗುಂಡು ಹಾರಿಸಿದರೆ ಅನ್ನುವ ಭಯದಿಂದ ಹುಟ್ಟುವ ಈ ಪ್ರಶ್ನೆ ನನಗೆ ಹೊಸದಲ್ಲ. ಎಂಟು ವರ್ಷದಿಂದ ಹ್ಯೂಸ್ಟನ್ ಸುತ್ತಮುತ್ತಲಿನ ಶಾಲೆಗಳಲ್ಲಿ, ಬಿಡುವಿದ್ದ ಶನಿವಾರಗಳಲ್ಲಿ, ಶಿಕ್ಷಕರಿಗೆ 'ಸ್ಟಾಪ್ ದ ಬ್ಲೀಡ್' ತರಗತಿ ತೆಗೆದುಕೊಳ್ಳುತ್ತೇನೆ. ಸುರಿಯುವ ರಕ್ತವನ್ನು ಆಂಬುಲೆನ್ಸ್ ಬರುವ ತನಕ ತಡೆದು ನಿಲ್ಲಿಸುವುದು ಹೇಗೆ ಅನ್ನುವ ತರಬೇತಿ ಅದು. ಪೋಷಕರ ಸಭೆಗೂ ಹೋಗಿ ಕೂರುತ್ತೇನೆ. ಅಲ್ಲಿ ಕ್ಯಾಮೆರಾ ಎಷ್ಟು, ಬಾಗಿಲಿಗೆ ಯಾವ ಬೀಗ, ಪೊಲೀಸ್ ಒಬ್ಬರೋ ಇಬ್ಬರೋ ಅಂತ ಒಂದು ಗಂಟೆ ಚರ್ಚೆ ಆಗುತ್ತದೆ. ಗೋಡೆಯ ಮೇಲಿನ, ರಕ್ತಸ್ರಾವ ತಡೆಯುವ ಸಾಮಾನಿನ ಕಿಟ್ ಎಲ್ಲಿದೆ, ಅದನ್ನು ಬಳಸಲು ಯಾರಿಗೆ ಬರುತ್ತದೆ ಅಂತ ಕೇಳಿದವರನ್ನು ನಾನು ನೋಡಿದ್ದು ಎರಡೇ ಸಲ.

ನಾನು ಪೊಲೀಸರ ವಿರುದ್ಧ ಮಾತಾಡುತ್ತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನಲ್ಲಿ ಶಾಲೆಯ ಪೊಲೀಸರೇ ಕೆಲವು ನಿಮಿಷಗಳಲ್ಲಿ ಎದುರು ಹೋಗಿ ನಿಂತರು, ಗುಂಡು ಹಾರಿಸುತ್ತಿದ್ದ ಹುಡುಗ ಶರಣಾದ. ಅವರು ಇಲ್ಲದಿದ್ದರೆ ಇನ್ನೂ ಎಷ್ಟು ಜೀವ ಹೋಗುತ್ತಿತ್ತೋ. ಆದರೆ ಆ ಕೆಲವೇ ನಿಮಿಷಗಳಲ್ಲಿ ಇಬ್ಬರು ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕರು ಹೋದರು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ ಶಸ್ತ್ರಧಾರಿ ಅಧಿಕಾರಿ ಇದ್ದರು. ಅವರು ಹೊರಗೇ ಉಳಿದರು, 17 ಜನ ಸತ್ತರು. 1980ರಿಂದ 2019ರವರೆಗಿನ ಶಾಲೆಗಳಲ್ಲಿನ 133 ಗುಂಡಿನ ದಾಳಿ ಪ್ರಕರಣಗಳನ್ನು ನೋಡಿದ ಒಂದು ಅಧ್ಯಯನ 2021ರಲ್ಲಿ 'ಜಾಮಾ ನೆಟ್‌ವರ್ಕ್ ಓಪನ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಶಸ್ತ್ರಧಾರಿ ಕಾವಲು ಇದ್ದ ಕಡೆ ಸಾವು ಕಡಿಮೆ ಆಗಿದ್ದು ಅದರಲ್ಲಿ ಕಾಣಲಿಲ್ಲ. ಒಂದು ಪ್ರಕರಣ ಇನ್ನೊಂದರಂತೆ ಇರುವುದಿಲ್ಲ, ಹಾಗಾಗಿ ಇದೊಂದನ್ನೇ ಹಿಡಿದು ಪೊಲೀಸರೇ ಬೇಡ ಅನ್ನುವುದೂ ತಪ್ಪು.

ನಾನು ಹೇಳಬೇಕಾದ್ದು ಬೇರೆ. ಇದನ್ನು ಪ್ರತಿ ಸಭೆಯಲ್ಲೂ ಹೇಳುತ್ತೇನೆ, ಆದರೂ ಜನಕ್ಕೆ ಮನಸ್ಸಿಗೆ ಇಳಿಯುವುದಿಲ್ಲ. ಒಳಗೆ ಓಡಿ ಬರುವ ಪೊಲೀಸ್ ನಿಮ್ಮ ಮಗುವಿನ ಗಾಯದ ಹತ್ತಿರ ನಿಲ್ಲುವುದಿಲ್ಲ. ಮಗುವನ್ನು ದಾಟಿ ಮುಂದೆ ಹೋಗುತ್ತಾರೆ. ಅವರಿಗೆ ಕೊಟ್ಟಿರುವ ತರಬೇತಿಯೇ ಹಾಗೆ.

ಇದು ಕಲ್ಲು ಮನಸ್ಸಲ್ಲ. 1999ರ ಏಪ್ರಿಲ್ 20ರಂದು ಕೊಲರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಪೊಲೀಸರು ಹಳೆಯ ಪದ್ಧತಿಯಂತೆ ಕಟ್ಟಡ ಸುತ್ತುವರಿದು, ವಿಶೇಷ ಪಡೆಗಾಗಿ ಕಾದರು. ಒಳಗೆ ಡೇವ್ ಸ್ಯಾಂಡರ್ಸ್ ಅನ್ನುವ ಮೇಷ್ಟ್ರು ಗುಂಡು ತಗುಲಿ ಬಿದ್ದಿದ್ದರು. ವಿದ್ಯಾರ್ಥಿಗಳು ತಮ್ಮ ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿದರು. ಒಬ್ಬರು ರಕ್ತ ಸುರಿದು ಸಾಯುತ್ತಿದ್ದಾರೆ ಅಂತ ಬರೆದ ಬೋರ್ಡನ್ನು ಕಿಟಕಿಗೆ ಇಟ್ಟರು. ಸಹಾಯ ತಲುಪಲು ಮೂರು ಗಂಟೆಗೂ ಹೆಚ್ಚು ಹಿಡಿಯಿತು, ಅವರು ಉಳಿಯಲಿಲ್ಲ. ಬೆನ್ನು, ಎದೆಯ ಒಳಗಿನ ರಕ್ತಸ್ರಾವವನ್ನು ಹೊರಗಿನಿಂದ ಒತ್ತಿ ನಿಲ್ಲಿಸುವುದು ತುಂಬಾ ಕಷ್ಟ. ಹಾಗಿದ್ದೂ ಆ ಹುಡುಗರು ಗಂಟೆಗಟ್ಟಲೆ ಕೈ ತೆಗೆಯಲಿಲ್ಲ. ಅದಾದ ಮೇಲೆ ಪೊಲೀಸರ ತರಬೇತಿ ಬದಲಾಯಿತು. ಕಾಯಬೇಡಿ, ನೇರ ಶಬ್ದದ ಕಡೆ ಹೋಗಿ, ಮೊದಲು ಗುಂಡು ನಿಲ್ಲಿಸಿ, ಗಾಯಗೊಂಡವರು ಆಮೇಲೆ. ಈ ಕ್ರಮ ಸರಿಯಾಗಿದೆ. ಗುಂಡು ನಿಲ್ಲದೆ ಯಾರನ್ನೂ ಉಳಿಸಲು ಆಗುವುದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಪೊಲೀಸ್ ಗುಂಡು ಹಾರಿಸುವವನನ್ನು ಹುಡುಕಬೇಕು, ಎದುರಿಸಬೇಕು, ಇನ್ನೊಬ್ಬ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಆಂಬುಲೆನ್ಸ್‌ನವರನ್ನು ಒಳಗೆ ಬಿಡಬೇಕು. ಎಲ್ಲ ಸರಿಯಾಗಿ ನಡೆದರೂ ಹತ್ತು, ಹದಿನೈದು ನಿಮಿಷ. ಎಲ್ಲ ತಪ್ಪಿದರೆ ಏನಾಗುತ್ತದೆ ಅಂತ 2022ರ ಮೇ 24ರಂದು ಇದೇ ಟೆಕ್ಸಸ್‌ನ ಯುವಾಲ್ಡಿ ಅನ್ನುವ ಊರಿನ ಶಾಲೆಯಲ್ಲಿ ನೋಡಿದೆವು. ಅಲ್ಲಿನ ಶಾಲೆಗಳ ಆಡಳಿತಕ್ಕೆ ಸ್ವಂತ ಪೊಲೀಸ್ ವಿಭಾಗವೇ ಇತ್ತು. ಬಂದ ಪೊಲೀಸರು ಒಟ್ಟು 376. ಗುಂಡು ಹಾರಿಸಿದವನಿದ್ದ ಕೋಣೆಯೊಳಗೆ ಹೋಗಲು ಹಿಡಿದಿದ್ದು 77 ನಿಮಿಷ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಅವರಲ್ಲಿ ಕೆಲವರಿಗೆ ಹೊರಗೆ ತಂದಾಗ ಇನ್ನೂ ನಾಡಿ ಇತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ.

ದೊಡ್ಡ ರಕ್ತನಾಳ ಹರಿದರೆ ಐದು ನಿಮಿಷದಲ್ಲೇ ಜೀವ ಹೋಗಬಹುದು. ಎರಡನೇ ತರಗತಿಯ ಮಗುವಿನ ಮೈಯಲ್ಲಿ ಒಟ್ಟು ಇರುವ ರಕ್ತ ಸುಮಾರು ಒಂದೂವರೆ ಲೀಟರ್. ತರಗತಿಯಲ್ಲಿ ನಾನು ಅರ್ಧ ಲೀಟರಿನ ಮೂರು ನೀರಿನ ಬಾಟಲಿ ಮೇಜಿನ ಮೇಲೆ ಇಡುತ್ತೇನೆ. "ನಿಮ್ಮ ಮಗು ಇಷ್ಟೇ" ಅನ್ನುತ್ತೇನೆ. ಒಂದು ಬಾಟಲಿ ಪಕ್ಕಕ್ಕೆ ಸರಿಸುತ್ತೇನೆ. "ಇಷ್ಟು ಹೋದರೆ ದೊಡ್ಡ ಅಪಾಯ." ಅಷ್ಟು ಹೊತ್ತು ಫೋನ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಆ ನಿಮಿಷಗಳಲ್ಲಿ ಮಗುವಿನ ಹತ್ತಿರ ಇರುವವರು ಟೀಚರ್ ಮಾತ್ರ. 2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ಜನ ಶಿಕ್ಷಕರು ಮತ್ತು ಸಿಬ್ಬಂದಿ ಸತ್ತ ಮೇಲೆ ಹಾರ್ಟ್‌ಫರ್ಡ್‌ನ ಸರ್ಜನ್ ಲೆನ್‌ವರ್ತ್ ಜೇಕಬ್ಸ್ ಮತ್ತು ಅಮೆರಿಕದ ಸರ್ಜನ್‌ಗಳ ಸಂಘ ಕೂತು ಯೋಚಿಸಿದ್ದೂ ಇದನ್ನೇ. ಅದರಿಂದ ಬೆಳೆದು 2015ರಲ್ಲಿ ಈ ತರಬೇತಿ ದೇಶದ ಅಭಿಯಾನವಾಯಿತು. ಒಂದು, ಒಂದೂವರೆ ಗಂಟೆ ಸಾಕು. ಡಾಕ್ಟರ್ ಆಗಿರಬೇಕಿಲ್ಲ.

ಇನ್ನು ಒತ್ತುವ ವಿಷಯ. ಗಾಯ ಒತ್ತಿ ಅಂದರೆ ಹತ್ತರಲ್ಲಿ ಒಂಬತ್ತು ಜನ ಬಟ್ಟೆ ಇಟ್ಟು, ಬೆರಳ ತುದಿಯಲ್ಲಿ ಮುಟ್ಟಿ, ಅರ್ಧ ನಿಮಿಷಕ್ಕೆ ಎತ್ತಿ ನೋಡುತ್ತಾರೆ. ರಕ್ತ ನಿಂತಿತಾ ಅಂತ. ದಯವಿಟ್ಟು ಎತ್ತಿ ನೋಡಬೇಡಿ. ಗಾಯದೊಳಗೆ ರಕ್ತ ಹೆಪ್ಪುಗಟ್ಟಲು ಶುರುವಾಗಿರುತ್ತದೆ, ನೀವು ಎತ್ತಿದ ಕೂಡಲೇ ಅದೂ ಬಟ್ಟೆಯ ಜೊತೆ ಕಿತ್ತು ಬರುತ್ತದೆ. ಮತ್ತೆ ಮೊದಲಿನಿಂದ. ಬಟ್ಟೆ ನೆನೆದು ರಕ್ತ ಮೇಲೆ ಬಂದರೆ ನೀವು ಒತ್ತಿದ್ದು ಸಾಲದು, ಅಥವಾ ಸರಿಯಾದ ಜಾಗಕ್ಕೆ ಬಿದ್ದಿಲ್ಲ ಅಂತ ಅರ್ಥ. ಎರಡೂ ಅಂಗೈ ಒಂದರ ಮೇಲೊಂದು ಇಡಿ, ಮೊಣಕೈ ನೇರ ಮಾಡಿ, ಮೈಭಾರ ಹಾಕಿ. ಚಪಾತಿ ಹಿಟ್ಟು ನಾದುವಾಗ ಭುಜದಿಂದ ಬಲ ಬಿಡುತ್ತೀರಲ್ಲ, ಹಾಗೆ. ಆದರೆ ಕೈ ಅಲ್ಲಾಡಬಾರದು. ಮಗು ನೋವಿಗೆ ಕಿರುಚುತ್ತದೆ. ಕಿರುಚಲಿ, ಕಿರುಚುವ ಮಗುವಿಗೆ ಉಸಿರಿದೆ. ಬೇರೆಯವರು ಬಂದು ನಿಮ್ಮ ಕೈಯಿಂದ ವಹಿಸಿಕೊಳ್ಳುವ ತನಕ ಬಿಡಬೇಡಿ.

ತೊಡೆಸಂದು, ಕಂಕುಳು, ಕತ್ತಿನ ಬುಡದ ಆಳ ಗಾಯವಾದರೆ ಒಳಗೆ ಬಟ್ಟೆ ತುರುಕಿ ಆಮೇಲೆ ಒತ್ತಬೇಕು. ಎದೆ, ಹೊಟ್ಟೆಗೆ ತುರುಕುವಂತಿಲ್ಲ. ಕೈಕಾಲಿಗಾದರೆ ಟೂರ್ನಿಕೆಟ್, ಅಂದರೆ ಬಿಗಿ ಮಾಡಿ ರಕ್ತ ತಡೆಯುವ, ಕಡ್ಡಿ ಇರುವ ಪಟ್ಟಿ. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಮೈ ಕಡೆಗೆ ಕಟ್ಟಬೇಕು, ಕೀಲಿನ ಮೇಲಲ್ಲ. ಕಡ್ಡಿ ತಿರುಗಿಸುತ್ತಾ ರಕ್ತ ನಿಲ್ಲುವ ತನಕ ಬಿಗಿ ಮಾಡಿ, ಕಟ್ಟಿದ ಸಮಯ ಬರೆದಿಡಬೇಕು. ತೀರಾ ಚಿಕ್ಕ ಮಕ್ಕಳ ತೆಳು ಕೈಗೆ ಅದು ಕೂರದೇ ಹೋಗಬಹುದು, ಅವರಿಗೆ ಒತ್ತುವುದೇ ದಾರಿ. ಇದನ್ನೆಲ್ಲ ಓದಿ ಕಲಿಯಲು ಆಗುವುದಿಲ್ಲ, ಕೈಯಲ್ಲಿ ಮಾಡಿಯೇ ಕಲಿಯಬೇಕು. ನಮ್ಮವರಿಗೆ ಇನ್ನೊಂದು ಮಾತು: ಕಾಫಿಪುಡಿ, ಅರಿಶಿನ ತುಂಬಬೇಡಿ. ಬೆರಳು ಕೊಯ್ದುಕೊಂಡಾಗ ಅಜ್ಜಿ ಹಾಕಿರಬಹುದು, ಆ ರಕ್ತ ತಾನಾಗೇ ನಿಲ್ಲುವಂಥದ್ದು. ಇದು ಹಾಗಲ್ಲ.

2018ರ ಮೇನಲ್ಲಿ ಹ್ಯೂಸ್ಟನ್ ಹತ್ತಿರದ ಸ್ಯಾಂಟಾ ಫೇ ಹೈಸ್ಕೂಲಿನಲ್ಲಿ ಹತ್ತು ಜನ ಸತ್ತರು. ಅಲ್ಲಿ ಎದುರು ಹೋದ ಪೊಲೀಸ್ ಅಧಿಕಾರಿಯ ತೋಳಿಗೇ ಗುಂಡು ಬಿತ್ತು. ಜೊತೆಗಿದ್ದ ಅಧಿಕಾರಿ ಟೂರ್ನಿಕೆಟ್ ಕಟ್ಟಿದರು, ಅವರು ಬದುಕಿದರು. ಗನ್ ಹಿಡಿದವರನ್ನೇ ಕೊನೆಗೆ ಉಳಿಸಿದ್ದು ಆ ಪಟ್ಟಿ.

ಟೆಕ್ಸಸ್‌ನಲ್ಲಿ 2019ರ ಕಾನೂನು ಪ್ರತಿ ಸರ್ಕಾರಿ ಶಾಲೆಯಲ್ಲೂ ಈ ಕಿಟ್ ಇರಬೇಕು, ಸಿಬ್ಬಂದಿಗೆ ತರಬೇತಿ ಆಗಬೇಕು ಅನ್ನುತ್ತದೆ. ಏಳನೇ ತರಗತಿಯಿಂದ ಮೇಲಿನ ಮಕ್ಕಳಿಗೂ ಕಲಿಯುವ ಅವಕಾಶ ಕೊಡಬೇಕು. 2023ರ ಕಾನೂನು ಪ್ರತಿ ಶಾಲೆಗೆ ಒಬ್ಬ ಶಸ್ತ್ರಧಾರಿ ಬೇಕು ಅಂತು. ಎರಡನೆಯದು ಎಲ್ಲರಿಗೂ ಗೊತ್ತು. ಮೊದಲನೆಯದು ಶಿಕ್ಷಕರಿಗೇ ಗೊತ್ತಿರುವುದಿಲ್ಲ. ಹೋದ ವರ್ಷ ಒಂದು ಶಾಲೆಗೆ ಹೋದಾಗ ಕಿಟ್ ತೋರಿಸಿ ಅಂದೆ. ನರ್ಸ್ ಕೋಣೆಯ ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಬೀಗದ ಕೈ ರಜೆಯಲ್ಲಿದ್ದವರ ಹತ್ತಿರ. ತೆಗೆಸಿ ನೋಡಿದರೆ ಟೂರ್ನಿಕೆಟ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ನನಗೆ ಸಿಟ್ಟು ಬಂತು, ಅಲ್ಲೇ ಹೇಳಿದೆ. ಮಾರನೇ ವಾರ ಅದನ್ನು ಊಟದ ಹಾಲ್‌ನ ಗೋಡೆಗೆ ಹಾಕಿದರು.

ಶಾಲೆಯೊಳಗೆ ಗುಂಡಿನ ದಾಳಿ ಅಪರೂಪ. ನಿಮ್ಮ ಮಕ್ಕಳು ಅದನ್ನು ಎಂದೂ ನೋಡದೇ ಓದು ಮುಗಿಸುವ ಸಾಧ್ಯತೆಯೇ ಜಾಸ್ತಿ. ಆದರೆ ಒಡೆದ ಗಾಜು, ಮರಗೆಲಸದ ಗರಗಸ, ಶಾಲೆ ಮುಂದಿನ ರಸ್ತೆಯಲ್ಲಿ ಡಿಕ್ಕಿ, ಇವೆಲ್ಲ ಇದ್ದೇ ಇವೆ. ರಕ್ತ ಎಲ್ಲ ಕಡೆಯೂ ಒಂದೇ.

ನನಗೆ ಇದನ್ನು ಮೊದಲು ತೋರಿಸಿದ್ದು ಅರಸೀಕೆರೆಯಲ್ಲಿ ನಮ್ಮ ಪಿ.ಟಿ. ಮೇಷ್ಟ್ರು. ನಾನು ಆರನೇ ಕ್ಲಾಸು. ಒಬ್ಬ ಹುಡುಗ ಓಡಿ ಬಂದು ಕಿಟಕಿ ಗಾಜಿಗೆ ಕೈ ಕೊಟ್ಟ, ಮೊಣಕೈ ಒಳಭಾಗ ಸೀಳಿತು. ಹೆಡ್‌ಮಾಸ್ಟರು ನೀರು ತನ್ನಿ ಅಂದರು, ಆಯಾ ಅರಿಶಿನಕ್ಕೆ ಓಡಿದಳು. ಪಿ.ಟಿ. ಮೇಷ್ಟ್ರು ಹೆಗಲ ಟವೆಲ್ ಮಡಚಿ ಗಾಯಕ್ಕಿಟ್ಟು ಎರಡೂ ಕೈಯಲ್ಲಿ ಒತ್ತಿ ಕೂತರು. ಹಾಲಿನ ವ್ಯಾನ್ ಸಿಕ್ಕಿತು. ಹಿಂದೆ ಕ್ಯಾನುಗಳ ಮಧ್ಯೆ ಮಂಡಿಯೂರಿಕೊಂಡು ಆಸ್ಪತ್ರೆ ತನಕ ಹಾಗೇ ಹೋದರು. ಡಾಕ್ಟರ್ "ಬಿಡಿ ಮೇಷ್ಟ್ರೇ, ಇನ್ನು ನಾವು ನೋಡ್ಕೋತೀವಿ" ಅಂದರೂ ಬೆರಳು ಬಿಡಿಸಿಕೊಳ್ಳಲು ಅವರಿಗೆ ಆಗಲಿಲ್ಲವಂತೆ, ಮರಗಟ್ಟಿ ಹೋಗಿದ್ದವು. ಆ ಹುಡುಗ ಈಗ ಅದೇ ಊರಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ಹೋದಾಗೆಲ್ಲ ತೋಳಿನ ಗೆರೆ ತೋರಿಸುತ್ತಾನೆ.

ನನ್ನ ತರಗತಿಗೆ ಬಂದ ಒಬ್ಬ ಕಿಂಡರ್‌ಗಾರ್ಟನ್ ಟೀಚರ್ ಒಮ್ಮೆ ಅತ್ತುಬಿಟ್ಟರು. ನಾನು ಬಣ್ಣ, ಅಕ್ಷರ ಕಲಿಸಲು ಬಂದವಳು, ಇದನ್ನೂ ನಾನೇ ಮಾಡಬೇಕಾ ಅಂದರು. ಮಾಡಬೇಕಾಗಿ ಬರಬಾರದು, ಅವರ ಮಾತು ನಿಜ. ನನ್ನ ಹತ್ತಿರ ಉತ್ತರ ಇರಲಿಲ್ಲ, ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದು, ಅಭ್ಯಾಸಕ್ಕೆ ಇಟ್ಟಿದ್ದ ರಬ್ಬರ್ ಕಾಲಿನ ಗಾಯಕ್ಕೆ ಬಟ್ಟೆ ತುರುಕಿ ಒತ್ತಿದರು. ನಾನು ಸಾಕು ಅನ್ನುವ ತನಕ ಎತ್ತಿ ನೋಡಲಿಲ್ಲ. ಹೋಗುವಾಗ ಗಾಯಕ್ಕೆ ಹಾಕುವ ಗಾಜ್ ಬಟ್ಟೆಯ ಒಂದು ಸುರುಳಿ ಕೇಳಿದರು, ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳಲು.

ಹಬ್ಬದ ಊಟದಲ್ಲಿ ಸಿಕ್ಕ ಆ ತಾಯಿಗೆ ಶಾಲೆಯಲ್ಲಿ ಮೂರು ವಿಷಯ ಕೇಳಿಕೊಂಡು ಬರಲು ಹೇಳಿದ್ದೆ. ಕಿಟ್ ಎಲ್ಲಿದೆ, ಬೀಗ ಇದೆಯಾ, ಮಗಳ ಟೀಚರಿಗೆ ತರಬೇತಿ ಆಗಿದೆಯಾ. ಮೊನ್ನೆ ಫೋನ್ ಮಾಡಿದ್ದರು. ಕಿಟ್ ಆಫೀಸಿನ ಹೊರಗಿದೆ, ಬೀಗ ಇಲ್ಲ, ಟೀಚರಿಗೆ ತರಬೇತಿ ಆಗಿಲ್ಲ. "ನೀವು ಬರ್ತೀರಾ ಅಕ್ಕಾ, ನಾನು ಪ್ರಿನ್ಸಿಪಾಲ್ ಹತ್ರ ಮಾತಾಡ್ತೀನಿ" ಅಂದರು. ಹೋಗುತ್ತೇನೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ದಿನ ಊಟ ಆದ ಮೇಲೆ ಸಂಘದ ಹಾಲ್‌ನಲ್ಲೂ ಒಂದು ತರಗತಿ ಇಟ್ಟಿದ್ದೇವೆ. ಎರಡು ರಬ್ಬರ್ ಕಾಲು, ಹತ್ತು ಟೂರ್ನಿಕೆಟ್ ತರುತ್ತೇನೆ. ಊರಿಂದ ಬಂದಿರುವ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಬನ್ನಿ.