ವಿರೋಧ ಪಕ್ಷ ಒಂದು ಕೇಳಿದರೆ ಮಂತ್ರಿ ಇನ್ನೊಂದು ಹೇಳುವುದು ಹೇಗೆ?

ಓದುಗರ ಪ್ರಶ್ನೆ: ಟಿವಿಯಲ್ಲಿ ಸಂಸತ್ತಿನ ಅಧಿವೇಶನ ನೋಡ್ತೀವಿ. ವಿರೋಧ ಪಕ್ಷದವರು ಕೇಳೋದೇ ಒಂದು, ಮಂತ್ರಿಗಳು ಹೇಳೋದೇ ಇನ್ನೊಂದು. ನೇರ ಉತ್ತರ ಕೊಡಲೇಬೇಕು ಅಂತ ನಿಯಮ ಇಲ್ವಾ? ಹೇಗೆ ಪಾರಾಗ್ತಾರೆ ಇವರು? (ಶಹಾಪುರದಿಂದ)

ಅಧಿವೇಶನ ಶುರುವಾದಾಗಲೆಲ್ಲ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸದನದಲ್ಲಿ ಸುಳ್ಳು ಹೇಳುವುದು ಮಂತ್ರಿಗೆ ಅಪಾಯ. ಗೊತ್ತಿದ್ದೂ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿನ ಉಲ್ಲಂಘನೆ ಆಗುತ್ತದೆ. ಹಾಗಾಗಿ ಪಾರಾಗುವ ದಾರಿ ಸುಳ್ಳಲ್ಲ, ಕೇಳಿದ್ದಕ್ಕೆ ಸಂಬಂಧ ಇಲ್ಲದ ನಿಜ. ಉತ್ತರ ಕೊಡಬೇಕು ಅನ್ನುವುದು ನಿಯಮದಲ್ಲಿದೆ. ಆದರೆ ಆ ಉತ್ತರ ಕೇಳಿದವರಿಗೆ ಸಮಾಧಾನ ತಂದಿತಾ ಎಂದು ತೂಗಿ ನೋಡುವುದು ಸ್ಪೀಕರ್ ಕೆಲಸ ಅಲ್ಲ. ಎಲ್ಲ ಜಾಣತನ ನಡೆಯುವುದು ಈ ಸಂದಿಯಲ್ಲೇ.

ವ್ಯವಸ್ಥೆ ಹೀಗಿದೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿ ಮಧ್ಯಾಹ್ನ 12ಕ್ಕೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಗುರುತಿಲ್ಲದ್ದಕ್ಕೆ ಬರೀ ಲಿಖಿತ ಉತ್ತರ, ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಲ್ಲಬೇಕು, ಆಮೇಲೆ ಆ ಉತ್ತರದ ಮೇಲೆ ಸ್ಥಳದಲ್ಲೇ ಕೇಳುವ ಉಪಪ್ರಶ್ನೆ ಎದುರಿಸಬೇಕು. ನಿಜವಾದ ಪರೀಕ್ಷೆ ಆ ಉಪಪ್ರಶ್ನೆಯೇ. ಯಾಕಂದ್ರೆ ಮೂಲ ಉತ್ತರವನ್ನು ಇಲಾಖೆಯ ಅಧಿಕಾರಿಗಳು ದಿನಗಟ್ಟಲೆ ಕೂತು, ಒಂದೊಂದು ಪದ ತೂಗಿ ಬರೆದಿರುತ್ತಾರೆ. ಉಪಪ್ರಶ್ನೆ ಬಂದಾಗ ಮಾತ್ರ ಮಂತ್ರಿ ಸ್ವಂತ ತಿಳಿವಳಿಕೆಯಿಂದ ಮಾತಾಡಬೇಕಾಗುತ್ತದೆ.

ಲಿಖಿತ ಉತ್ತರದ ಮೊದಲ ಉಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಸದಸ್ಯರು ಪ್ರಶ್ನೆಯನ್ನು ಎ, ಬಿ, ಸಿ, ಡಿ ಅಂತ ಭಾಗ ಮಾಡಿ ಕೇಳಿರುತ್ತಾರೆ. ಉತ್ತರದಲ್ಲಿ 'ಎಯಿಂದ ಡಿವರೆಗೆ' ಅಂತ ಒಂದೇ ಸಾಲು ಹಾಕಿ, ಕೆಳಗೆ ಯೋಜನೆಯ ಇತಿಹಾಸ, ಬಿಡುಗಡೆಯಾದ ಹಣ, ಮಾರ್ಗಸೂಚಿ ಎಲ್ಲ ಎರಡು ಪುಟ ತುಂಬಿಸುತ್ತಾರೆ. ಎಲ್ಲವೂ ನಿಜ. ಆದರೆ 'ಸಿ' ಭಾಗಕ್ಕೆ ಉತ್ತರವೇ ಇಲ್ಲ ಅನ್ನುವುದು ಗೊತ್ತಾಗಬೇಕಾದರೆ ಪ್ರಶ್ನೆ, ಉತ್ತರ ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಟಿವಿ ನೋಡುವವರಿಗೆ ಇದು ಸಿಕ್ಕುವುದೇ ಇಲ್ಲ.

ಎರಡನೆಯದು, 'ಅದು ರಾಜ್ಯದ ವಿಷಯ'. ನಮ್ಮ ಭಾಗದವರಿಗೆ ಇದು ಚೆನ್ನಾಗಿ ಗೊತ್ತಿರಲೇಬೇಕು. ತೊಗರಿಯನ್ನೇ ತಗೊಳ್ಳಿ. 'ಕಲಬುರಗಿ ತೊಗರಿ ಬೆಳೆಗಾರರ ಕಷ್ಟಕ್ಕೆ ಸರ್ಕಾರ ಏನು ಮಾಡಿದೆ?' ಎಂದು ಸಂಸತ್ತಿನಲ್ಲಿ ಕೇಳಿದರೆ, ಕೃಷಿ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ ಅನ್ನುವ ಸಾಲಿನಿಂದಲೇ ಉತ್ತರ ಶುರು ಮಾಡಬಹುದು. ಅದು ಸುಳ್ಳಲ್ಲ. ಆದರೆ ಬೆಂಬಲ ಬೆಲೆ ಘೋಷಿಸುವುದು ಕೇಂದ್ರ. ಹೊರದೇಶದ ತೊಗರಿಗೆ ಬಾಗಿಲು ತೆರೆಯುವುದೂ, ಮುಚ್ಚುವುದೂ ಕೇಂದ್ರ. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿದ್ದ ನಿರ್ಬಂಧ ತೆಗೆದದ್ದು ಕೇಂದ್ರವೇ. ಆದ್ದರಿಂದ 'ಇಷ್ಟು ತಿಂಗಳಲ್ಲಿ ಎಷ್ಟು ಟನ್ ತೊಗರಿ ಆಮದಾಯಿತು, ಅದೇ ಸಮಯದಲ್ಲಿ ಬೆಂಬಲ ಬೆಲೆಗೆ ಕಲಬುರಗಿಯಲ್ಲಿ ಎಷ್ಟು ಖರೀದಿಯಾಯಿತು' ಎಂದು ಕೇಳಿದರೆ ರಾಜ್ಯದ ಕಡೆ ಬೆರಳು ತೋರಿಸಲು ಜಾಗವೇ ಉಳಿಯುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವಂಥದ್ದು: 'ಅಂಥ ಅಂಕಿಅಂಶ ಇಟ್ಟಿಲ್ಲ.' 2020ರ ಸೆಪ್ಟೆಂಬರಿನಲ್ಲಿ ಲಾಕ್‌ಡೌನ್ ವೇಳೆ ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರ ಲೆಕ್ಕವನ್ನು ಲೋಕಸಭೆಯಲ್ಲಿ ಕೇಳಲಾಯಿತು. ಅಂಥ ಮಾಹಿತಿ ಇಟ್ಟಿಲ್ಲ ಎಂದಿತು ಕಾರ್ಮಿಕ ಸಚಿವಾಲಯ. ಹಾಗಾದರೆ ಪರಿಹಾರ ಕೊಟ್ಟಿದ್ದೀರಾ ಎಂಬ ಮುಂದಿನ ಭಾಗಕ್ಕೆ, ಆ ಪ್ರಶ್ನೆ ಉದ್ಭವಿಸುವುದಿಲ್ಲ ಎಂಬ ಉತ್ತರ ಬಂತು. ಯಾದಗಿರಿ, ಕಲಬುರಗಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವ ಮನೆಗಳಿಗೆ ಇದರ ಅರ್ಥ ಏನು ಯೋಚಿಸಿ. ಲೆಕ್ಕವೇ ಇಡದಿದ್ದರೆ ಹೊಣೆಯೂ ಇಲ್ಲ ಅಂತಾಯ್ತು, ಅಲ್ವಾ? ಮರುವರ್ಷ ಜುಲೈನಲ್ಲಿ ರಾಜ್ಯಸಭೆಯಲ್ಲಿ ಆಮ್ಲಜನಕ ಸಿಗದೆ ಸತ್ತವರ ಬಗ್ಗೆ ಕೇಳಿದಾಗಲೂ ಹೀಗೇ ಆಯಿತು. ಆರೋಗ್ಯ ರಾಜ್ಯದ ವಿಷಯ, ಆಮ್ಲಜನಕದ ಕೊರತೆಯಿಂದಲೇ ಸತ್ತರು ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದಿತು ಆರೋಗ್ಯ ಸಚಿವಾಲಯ. ಆ ವಾಕ್ಯ ಹೇಳುವುದು ರಾಜ್ಯಗಳು ಕಳಿಸಿದ ಕಾಗದದ ಬಗ್ಗೆ. ಕೇಳಿದ್ದು ಸತ್ತ ಜನರ ಬಗ್ಗೆ. ದೇಶದ ಮೊದಲ ಕೋವಿಡ್ ಸಾವು ಕಂಡ ಊರು ಕಲಬುರಗಿ. ಇಲ್ಲಿನವರಿಗೆ ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಎನ್ನುವುದು ಇನ್ನೊಂದು ಬಗೆ. ಆದರೆ ಇದು ಹಾಗೇ ಗಾಳಿಗೆ ಹೋಗುವುದಿಲ್ಲ. ಇಂಥ ಮಾತು ಸದನಕ್ಕೆ ಕೊಟ್ಟ ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು. ನೋಡಿಕೊಳ್ಳಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಚಿವಾಲಯಗಳು ಮತ್ತೆ ಮತ್ತೆ ಗಡುವು ಕೇಳುತ್ತವೆ, ಕೆಲವೊಮ್ಮೆ ಭರವಸೆಯನ್ನೇ ಕೈಬಿಡಿ ಎಂದು ಸಮಿತಿಗೆ ಬರೆಯುತ್ತವೆ. ಆದರೂ ಹಿಡಿದು ಕೇಳಲು ಒಂದು ದಾಖಲೆ ಉಳಿಯುತ್ತದೆ.

ಇನ್ನು ಟಿವಿಯಲ್ಲಿ ಜಾಸ್ತಿ ಕಾಣುವುದು 'ನಿಮ್ಮ ಕಾಲದಲ್ಲಿ ಏನಾಗಿತ್ತು?' ಅನ್ನುವ ತಿರುಗೇಟು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದು ಇದ್ದದ್ದೇ. ನಮ್ಮ ವಿಧಾನಸಭೆಯೂ ಇದಕ್ಕೆ ಹೊರತಲ್ಲ. ಇದರಿಂದ ಆಗುವ ನಷ್ಟ ದೊಡ್ಡದು. ತಿರುಗೇಟಿಗೆ ವಿರೋಧ ಪಕ್ಷ ಕೆರಳಿ, ಸದನದ ಬಾವಿಗಿಳಿದು (ಸ್ಪೀಕರ್ ಪೀಠದ ಮುಂದಿನ ಜಾಗ), ಗದ್ದಲವಾಗಿ ಸದನ ಮುಂದೂಡಿದರೆ ಉಳಿದ ಚುಕ್ಕೆ ಗುರುತಿನ ಪ್ರಶ್ನೆಗಳೆಲ್ಲ ಲಿಖಿತ ಉತ್ತರವಾಗಿಬಿಡುತ್ತವೆ. ಉಪಪ್ರಶ್ನೆಯ ಅವಕಾಶ ಹೋಯಿತು. ಪ್ರಶ್ನೋತ್ತರ ವೇಳೆಯನ್ನು ಗದ್ದಲದಲ್ಲಿ ಕಳೆಯುವ ವಿರೋಧ ಪಕ್ಷ ಮಂತ್ರಿಗೇ ಸಹಾಯ ಮಾಡುತ್ತದೆ ಎಂದು ನಾನು ಖಂಡಿತ ನಂಬುತ್ತೇನೆ. 2019ರ ನವೆಂಬರಿನಲ್ಲಿ ಒಂದು ದಿನ ಲೋಕಸಭೆ ಎಲ್ಲ 20 ಚುಕ್ಕೆ ಗುರುತಿನ ಪ್ರಶ್ನೆಗಳನ್ನೂ ಮುಗಿಸಿತು. 1972ರ ನಂತರ ಅದೇ ಮೊದಲು.

ಹಾಗಾದರೆ ಮಂತ್ರಿಯನ್ನು ಹಿಡಿಯಲು ಆಗುವುದೇ ಇಲ್ಲವಾ? ಆಗುತ್ತದೆ. 1957ರಲ್ಲಿ ಎಲ್‌ಐಸಿ ಹಣ ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳಿಗೆ ಹೋದದ್ದು ಲೋಕಸಭೆಯ ಪ್ರಶ್ನೆಯಿಂದಲೇ ಹೊರಬಂತು. ಬೆನ್ನು ಬಿಡದೆ ಹಿಡಿದವರು ಫಿರೋಜ್ ಗಾಂಧಿ, ಅದೂ ಆಳುವ ಪಕ್ಷದಲ್ಲೇ ಇದ್ದುಕೊಂಡು. ನ್ಯಾಯಮೂರ್ತಿ ಛಾಗ್ಲಾ ತನಿಖೆ ನಡೆಯಿತು, 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಲ್ಲಿ ಕೆಲಸ ಮಾಡಿದ್ದು ಕೂಗಾಟ ಅಲ್ಲ, ಯಾವ ಕಂಪನಿಗೆ, ಯಾವಾಗ, ಎಷ್ಟು ಹಣ ಅನ್ನುವ ವಿವರ.

ನಮ್ಮಲ್ಲೂ ಹಾಗೆ ಕೇಳಬೇಕಾದ್ದು ಬೇಕಾದಷ್ಟಿದೆ. ಕಲಬುರಗಿ ರೈಲ್ವೆ ವಿಭಾಗ 2014ರಲ್ಲಿ ಘೋಷಣೆಯಾಯಿತು, ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗದಲ್ಲೇ ಉಳಿಯಿತು, ಬೀದರ್ ಸಿಕಂದರಾಬಾದಿನಲ್ಲಿ. 'ವಿಭಾಗ ಯಾವಾಗ ಬರುತ್ತದೆ?' ಎಂದು ಸುಮ್ನೆ ಕೇಳಿದರೆ ಕರ್ನಾಟಕಕ್ಕೆ ಕೊಟ್ಟ ರೈಲ್ವೆ ಅನುದಾನದ ಪಟ್ಟಿ ಓದಿ ಕೂತುಬಿಡಬಹುದು. '2014ರ ಘೋಷಣೆಯನ್ನು ಸರ್ಕಾರ ಹಿಂಪಡೆದಿದೆಯೇ? ಹೌದಾದರೆ ಯಾವ ದಿನಾಂಕದ ಆದೇಶದಿಂದ?' ಎಂದು ಕೇಳಿದರೆ ಹೌದು, ಇಲ್ಲ ಎರಡರಲ್ಲಿ ಒಂದು ಹೇಳಬೇಕು. ಹೇಳದಿದ್ದರೆ ಅದೂ ದಾಖಲೆಯಲ್ಲಿ ಎದ್ದು ಕಾಣುತ್ತದೆ.

ನೀವು ಮಾಡಬಹುದಾದ್ದು ಇಷ್ಟು. ಎಲ್ಲ ಲಿಖಿತ ಉತ್ತರಗಳೂ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತವೆ. ತೆಗೆದು, ಭಾಗ ಭಾಗವಾಗಿ ಪ್ರಶ್ನೆಯ ಜೊತೆ ಹೋಲಿಸಿ, ಉತ್ತರ ಇಲ್ಲದ ಭಾಗಕ್ಕೆ ಗೆರೆ ಹಾಕಿ. ಅದನ್ನೇ ಹೊಸ ಪ್ರಶ್ನೆ ಮಾಡಿ ನಿಮ್ಮ ಸಂಸದರಿಗೆ ಕಳಿಸಿ. 150 ಪದ ದಾಟಬಾರದು. ಯಾದಗಿರಿ ಜಿಲ್ಲೆಗೆ ಸ್ವಂತ ಲೋಕಸಭಾ ಕ್ಷೇತ್ರ ಇಲ್ಲ: ಶಹಾಪುರ, ಸುರಪುರ, ಯಾದಗಿರಿಯವರು ರಾಯಚೂರು ಸಂಸದರಿಗೆ ಬರೆಯಬೇಕು, ಗುರುಮಠಕಲ್‌ನವರು ಕಲಬುರಗಿ ಸಂಸದರಿಗೆ. ಆಳಂದ, ಚಿಂಚೋಳಿಯವರಿಗೆ ಬೀದರ್ ಸಂಸದರು. ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕಾಗುತ್ತದೆ, ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ನಿಮ್ಮ ಪತ್ರ ಅವರ ಕಚೇರಿ ಮುಟ್ಟಿರಲಿ.