ಮೂರನೇ ಪ್ಯಾರಾದಲ್ಲಿ ಕೂತಿರುವ ಮೊದಲ ಸಾಲು

ಸ್ಮರಣ ಸಂಚಿಕೆಗಳಿಗೆ ಬರುವ ಲೇಖನಗಳನ್ನು ತಿದ್ದುವುದು ನನ್ನ ಕೆಲಸ. ಹತ್ತರಲ್ಲಿ ಏಳೆಂಟು ಹೀಗೇ ಶುರುವಾಗುತ್ತವೆ: ‘ಕಾಸರಗೋಡು ಸಪ್ತಭಾಷೆಗಳ ಸಂಗಮ ಭೂಮಿ.’ ಯಕ್ಷಗಾನದ ಬಗ್ಗೆ ಬರೆದರೂ ಅದೇ, ಅಡಿಕೆಯ ಬಗ್ಗೆ ಬರೆದರೂ ಅದೇ. ಅದಿಲ್ಲದಿದ್ದರೆ ‘1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು.’ ಎರಡೂ ನಿಜ. ಎರಡನೆಯದು ಕಾಸರಗೋಡಿನ ಕನ್ನಡಿಗರಾದ ನಮಗೆ ನೋವಿನ ವಿಷಯ ಕೂಡ. ಆದರೆ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ತನಕ ಇದು ಗೊತ್ತಿಲ್ಲದ ಕನ್ನಡಿಗರು ಯಾರಿದ್ದಾರೆ? ಮೊದಲ ಸಾಲು ಗೊತ್ತಿರುವುದೇ ಆದರೆ, ಮುಂದಿನದೂ ಹಾಗೇ ಅಂದುಕೊಂಡು ಓದುಗರು ಪುಟ ತಿರುವುತ್ತಾರೆ.

ಬದಿಯಡ್ಕ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ನೀರಿಗಾಗಿ ಗುಡ್ಡದೊಳಗೆ ತೋಡುವ ಸುರಂಗಗಳ ಬಗ್ಗೆ ಬರೆದು ತಂದಿದ್ದರು. ‘ನೀರು ಜೀವಜಲ’ ಅಂತ ಆರಂಭ. ಆಮೇಲೆ ಸಪ್ತಭಾಷೆ. ‘ಮಾಷ್ಟ್ರೇ, ಕಾಗದ ಆಚೆ ಇಡಿ, ಸುಮ್ನೆ ಬಾಯಲ್ಲಿ ಹೇಳಿ’ ಅಂದೆ. ಅವರು ಹೇಳಿದ್ದು ಇದು: ‘ನಮ್ಮ ಅಜ್ಜ ಸುರಂಗ ತೋಡಲು ದೀಪ ಹಿಡಿದುಕೊಂಡು ಒಳಗೆ ಹೋಗುತ್ತಿದ್ದರು. ದೀಪ ಆರಿದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು.’

ಈ ಮಾತು ಲೇಖನದಲ್ಲೂ ಇತ್ತು. ಮೂರನೇ ಪ್ಯಾರಾದ ಕೊನೆಯಲ್ಲಿ.

ಇದನ್ನೇ ನಾನು ಎಷ್ಟು ಹೇಳಿದರೂ ಸಾಲದು. ನೀವು ಹೊಸ ಸಾಲು ಹುಡುಕಬೇಕಾಗಿಲ್ಲ. ಅದು ನಿಮ್ಮ ಬರಹದಲ್ಲೇ ಕೆಳಗೆಲ್ಲೋ ಕೂತಿರುತ್ತದೆ. ಅದನ್ನು ಮೇಲೆ ತನ್ನಿ. ದೀಪ ಯಾಕೆ ಆರುತ್ತದೆ? ಒಳಗೆ ಆಮ್ಲಜನಕ ಕಡಿಮೆಯಾದರೆ. ಅಷ್ಟು ಒಳಗೆ ಯಾಕೆ ಹೋಗಬೇಕು? ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಅಡ್ಡಕ್ಕೆ ಕೊರೆದರೆ ಜಿನುಗುವ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿಯುತ್ತದೆ, ಅದಕ್ಕೆ. ಮಾಷ್ಟ್ರು ಇಷ್ಟನ್ನೂ ಮೊದಲೇ ಬರೆದಿದ್ದರು, ಆಗ ಅದು ಪಾಠದ ಹಾಗಿತ್ತು. ದೀಪ ಮುಂದೆ ಬಂದ ಮೇಲೆ ಅದೇ ವಿಷಯ ಉತ್ತರವಾಯಿತು. ಪ್ರಶ್ನೆ ಓದುಗರ ಮನಸ್ಸಲ್ಲಿ ಆಗಲೇ ಹುಟ್ಟಿತ್ತಲ್ವಾ?

ಯಕ್ಷಗಾನದಲ್ಲಿ ಕಥೆಗೆ ಮೊದಲು ಬರುವ ಪೂರ್ವರಂಗದಂಥದ್ದು ಲೇಖನಕ್ಕೂ ಬೇಡವೇ ಎಂದು ಕೇಳುವವರಿದ್ದಾರೆ. ಬಯಲಾಟಕ್ಕೆ ಇಡೀ ರಾತ್ರಿ ಇದೆ. ಕೋಡಂಗಿ, ಬಾಲಗೋಪಾಲರು ಕುಣಿದು ಹೋಗುವಷ್ಟರಲ್ಲಿ ಜನ ಬಂದು ಕೂರುತ್ತಾರೆ. ಎರಡು ಪುಟದ ಲೇಖನಕ್ಕೆ ಅಷ್ಟು ಪುರುಸೊತ್ತಿಲ್ಲ.

ಇದನ್ನು ಕೇಳಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ‘ಓದಿದರೆ ಬೆಚ್ಚಿಬೀಳುತ್ತೀರಿ!’ ಅದೂ ಬೇಡ. ಎಂಡೋಸಲ್ಫಾನ್ ಬಗ್ಗೆ ಬರೆಯುವವರು ‘ಕಣ್ಣೀರ ಕಥೆ’ ಎಂದೇ ಶುರು ಮಾಡುತ್ತಾರೆ. ‘ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಕೀಟನಾಶಕ ಸುರಿಯುತ್ತಿದ್ದರು, ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು’ ಎಂದರೆ ಸಾಕು. ಕಣ್ಣೀರು ಎಂದು ನಾವು ಹೇಳಿಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ. ಅಪಘಾತದ ಸುದ್ದಿ, ನಿಧನದ ಸುದ್ದಿಗೆ ಈ ಮಾತು ಅನ್ವಯಿಸದು. ಅಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದೇ ಮೊದಲು ಬರಬೇಕು.

ನಮ್ಮವರ ಕಷ್ಟ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ, ಪೇಟೆಯಲ್ಲಿ ಮಲಯಾಳ. ಬರೆಯುವ ಕನ್ನಡ ಶಾಲೆಯಲ್ಲಿ ಕಲಿತದ್ದು. ತಪ್ಪಾದೀತು ಎಂಬ ಅಳುಕಿಗೆ ಪ್ರಬಂಧದ ಸಾಲನ್ನೇ ಹಿಡಿದುಕೊಳ್ಳುತ್ತಾರೆ. ಇಷ್ಟರ ನಡುವೆಯೂ ಕನ್ನಡದಲ್ಲೇ ಬರೆಯುತ್ತಾರಲ್ಲ, ಆ ಪ್ರೀತಿ ದೊಡ್ಡದು. ಆ ಅಳುಕೊಂದು ಹೋಗಬೇಕು.

ಹಾಗೆಂದು 1956ನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಕನ್ನಡ ತಿಳಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದಾಗ ಏನಾಗುತ್ತದೆ ಎಂದು ಬರೆಯುತ್ತೀರಾ? ಆ ಸಂಜೆ ಮಗು ಮನೆಗೆ ಬಂದು ಏನು ಹೇಳಿತು, ಅಲ್ಲಿಂದ ಹೊರಡಿ. ಇಸವಿ ನಾಲ್ಕನೇ ಸಾಲಲ್ಲೋ ಐದನೇ ಸಾಲಲ್ಲೋ ಬರಲಿ. ಅದು ಅಲ್ಲಿ ಯಾಕೆ ಬಂತೆಂದು ಬೆಂಗಳೂರಿನ ಓದುಗರಿಗೂ ತಿಳಿಯುತ್ತದೆ.