"ಅವತ್ತು ನೀವೇ ಬೇಡ ಅಂದ್ರಲ್ಲ ಮೇಡಂ"

ಗುರುವಾರ ಮಧ್ಯಾಹ್ನ ಊಟ ಆದ ಮೇಲೆ ದಾವಣಗೆರೆಯ ನಮ್ಮ ರಕ್ತನಿಧಿಯಲ್ಲಿ ಜನ ಕಡಿಮೆ. ಆ ಹೊತ್ತಿಗೆ ಹಳೇ ರಿಜಿಸ್ಟರ್ ತೆಗೆದು ಫೋನ್ ಮಾಡ್ತಾ ಕೂರುತ್ತೇನೆ. ಒಂದು ಕಾಲಕ್ಕೆ ತಪ್ಪದೆ ಬರುತ್ತಿದ್ದು, ಈಗ ಎರಡು ವರ್ಷಕ್ಕಿಂತ ಜಾಸ್ತಿ ಆದರೂ ಇತ್ತ ತಲೆ ಹಾಕದ ದಾನಿಗಳ ಪಟ್ಟಿ ಅದು. ಎಷ್ಟೋ ನಂಬರ್ ಹತ್ತುವುದೇ ಇಲ್ಲ. ಹತ್ತಿದವರಲ್ಲಿ ಕೆಲವರು ಬೆಂಗಳೂರು ಸೇರಿದ್ದಾರೆ. ಒಬ್ಬರಂತೂ ನನ್ನನ್ನು ಸಾಲದ ಕಂಪನಿಯವಳು ಅಂದುಕೊಂಡು ಬೈದೇ ಬಿಟ್ಟರು.

ಹೀಗೇ ಒಂದು ದಿನ ಒಬ್ಬ ಟೀಚರ್ ಫೋನ್ ಎತ್ತಿದರು. ಈಗ ಹರಿಹರದ ಕಡೆ ಶಾಲೆಯಲ್ಲಿದ್ದಾರೆ. ಕಾಲೇಜಿನಲ್ಲಿದ್ದಾಗ ಎರಡು ಸಲ ರಕ್ತ ಕೊಟ್ಟಿದ್ದರು. ಮೂರನೇ ಸಲ ಕ್ಯಾಂಪಿಗೆ ಬಂದು ಹಾಗೇ ವಾಪಸ್ ಹೋಗಿದ್ದರು. "ಮತ್ತೆ ಯಾಕೆ ಬರಲಿಲ್ಲಮ್ಮಾ?" ಅಂದೆ.

"ಅವತ್ತು ನೀವೇ ಬೇಡ ಅಂದ್ರಲ್ಲ ಮೇಡಂ. ನನ್ನ ರಕ್ತ ಸರಿ ಇಲ್ಲ ಅಂದ್ಕೊಂಡೆ."

ರಿಜಿಸ್ಟರ್ ನೋಡಿದೆ. ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ ಎರಡೇ ಪದ: ಹೆಚ್‌ಬಿ ಕಡಿಮೆ. ಅಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಸಾಲದು. ಬರಹ ನನ್ನದೇ.

ಕ್ಯಾಂಪಿನಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಡುವುದನ್ನು ನೀವು ನೋಡಿರಬಹುದು. ಆ ನೀಲಿ ನೀರು ಮೈಲುತುತ್ತದ ದ್ರಾವಣ. ಚನ್ನಗಿರಿ ಕಡೆ ಅಡಿಕೆ ತೋಟ ಇರುವವರಿಗೆ ಪರಿಚಯ ಹೇಳಬೇಕಾಗಿಲ್ಲ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ಸುಣ್ಣದ ಜೊತೆ ಬೆರೆಸುತ್ತಾರಲ್ಲ, ಅದೇ. ನಾವು ಅದನ್ನು ಲೆಕ್ಕ ಹಾಕಿ ಒಂದು ಹದಕ್ಕೆ ಕಲಸಿರುತ್ತೇವೆ. ನೂರು ಎಂಎಲ್ ರಕ್ತದಲ್ಲಿ ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹನಿ ಭಾರವಾಗಿ 15 ಸೆಕೆಂಡಿನೊಳಗೆ ತಳ ಸೇರುತ್ತದೆ. ಕಡಿಮೆ ಇದ್ದರೆ ಮಧ್ಯದಲ್ಲಿ ತಡವರಿಸುತ್ತದೆ, ಇಲ್ಲವೇ ಮೇಲೇ ತೇಲುತ್ತದೆ. ಅಷ್ಟೇ ವಿಷಯ. ಹನಿ ತೇಲಿದರೆ ರಕ್ತ ಕೆಟ್ಟಿದೆ ಅಂತಲ್ಲ, ಅವತ್ತಿನ ಮಟ್ಟಿಗೆ ನಿಮಗೇ ಸಾಲದು ಅಂತ.

ಇಷ್ಟು ಹೇಳಲು ಎರಡು ನಿಮಿಷ ಸಾಕು. ಆದರೆ ಕ್ಯಾಂಪಿನಲ್ಲಿ ಹಿಂದೆ ಐವತ್ತು ಜನ ನಿಂತಿರುತ್ತಾರೆ, ಮುಖ್ಯ ಅತಿಥಿಗಳ ಭಾಷಣ ಬೇರೆ ಮುಗಿದಿರುವುದಿಲ್ಲ. ನಾವು "ಹೆಚ್‌ಬಿ ಕಡಿಮೆ ಇದೆ, ನೆಕ್ಸ್ಟ್" ಅಂತೀವಿ. ನಮ್ಮ ಭಾಷೆಯಲ್ಲಿ ಅದು ಮುಂದೂಡಿಕೆ. ಗೆಳತಿಯರ ಎದುರಿಗೆ ನಿಂತ ಹುಡುಗಿಗೆ ಅದು ಫೇಲ್. ಸೂಜಿಗೆ ಹೆದರಿ ಬಿಟ್ಟವರಿಗಿಂತ ಹೀಗೆ ಮುಖ ಸಣ್ಣದು ಮಾಡಿಕೊಂಡು ಹೋದವರೇ ನನ್ನ ಪಟ್ಟಿಯಲ್ಲಿ ಜಾಸ್ತಿ.

ಹಿಮೋಗ್ಲೋಬಿನ್ ಯಾಕೆ ಇಳಿಯುತ್ತದೆ? ಒಂದು ಸಲ ರಕ್ತ ಕೊಟ್ಟರೆ 350 ಅಥವಾ 450 ಎಂಎಲ್ ಹೋಗುತ್ತದೆ. ಅದರಲ್ಲಿನ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ವಾರಗಟ್ಟಲೆ ಬೇಕು. ಹಿಮೋಗ್ಲೋಬಿನ್ ಆಗಲು ಬೇಕಾದ ಕಬ್ಬಿಣದ ಅಂಶ ತುಂಬುವುದು ಇನ್ನೂ ನಿಧಾನ. ಅದಕ್ಕೇ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಇಟ್ಟಿರುವುದು. ತಿಂಗಳ ಮುಟ್ಟಿನಲ್ಲಿ ಹೋಗುವುದು ಬೇರೆ ಲೆಕ್ಕ. ನುಗ್ಗೆಸೊಪ್ಪು, ಹುರುಳಿಕಾಳು ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದಕ್ಕಿಂತ ಮೊದಲು ಚಹಾ ಕೇಳುತ್ತೇನೆ. ಊಟದ ಬೆನ್ನಿಗೇ ಚಹಾ ಕುಡಿದರೆ ಊಟದ ಕಬ್ಬಿಣ ಮೈಗೆ ಹತ್ತುವುದು ಕಮ್ಮಿಯಾಗುತ್ತದೆ. ಒಂದು ತಾಸು ಬಿಟ್ಟು ಕುಡೀರಿ ಅಂದರೆ ಈ ಊರಲ್ಲಿ ನನ್ನನ್ನು ವೈರಿಯಂತೆ ನೋಡುತ್ತಾರೆ. ಮಂಡಕ್ಕಿ ಮಿರ್ಚಿ ತಿಂದು ಚಹಾ ಇಲ್ಲ ಅಂದ್ರೆ ಹೇಗೆ, ಅಲ್ವಾ? ಹಾಗಂತ ತೀರಾ ಕಡಿಮೆ ಇದ್ದರೆ ಸೊಪ್ಪು ನಂಬಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಪಟ್ಟಿಯಲ್ಲಿ ಇನ್ನೊಂದು ಥರದವರಿದ್ದಾರೆ. ತಮಗೆ ತಾವೇ ನಿವೃತ್ತಿ ಕೊಟ್ಟುಕೊಂಡವರು. ಮಂಡಕ್ಕಿ ಭಟ್ಟಿಯ ಒಬ್ಬ ಯಜಮಾನರು "ಬಿಪಿ ಗುಳಿಗಿ ತಗೊಂತೀನ್ರಿ, ಇನ್ನು ನಮ್ಮ ರಕ್ತ ಯಾರಿಗ್ ಬೇಕು" ಅಂದರು. ಗುಳಿಗೆ ತಗೊಂಡು ಬಿಪಿ ಹತೋಟಿಯಲ್ಲಿದ್ದರೆ ಕೊಡಬಹುದು. ಸಕ್ಕರೆ ಕಾಯಿಲೆ ಮಾತ್ರೆಯಲ್ಲೇ ಹತೋಟಿಗೆ ಬಂದಿದ್ದರೂ ಅಷ್ಟೇ, ಇನ್ಸುಲಿನ್ ತಗೊಳ್ಳುವವರು ಮಾತ್ರ ಬೇಡ. ಹಚ್ಚೆ ಹಾಕಿಸಿಕೊಂಡರೆ ಒಂದು ವರ್ಷ ತಡೆಯಬೇಕು, ಟೈಫಾಯ್ಡ್ ಬಂದು ವಾಸಿಯಾದ ಮೇಲೂ ಒಂದು ವರ್ಷ. ಡೆಂಗ್ಯೂ ಆದರೆ 6 ತಿಂಗಳು, ಮಲೇರಿಯಾ ಆದರೆ 3 ತಿಂಗಳು. ಆಮೇಲೆ ಬರಬಹುದು. ಮೊದಲ ಸಲ ಕೊಡುವವರಿಗೆ 60 ವರ್ಷ ದಾಟಿರಬಾರದು, ಹಿಂದೆ ಕೊಟ್ಟವರು 65ರವರೆಗೂ ಕೊಡಬಹುದು. ಯಜಮಾನರಿಗೆ 52.

ತಲೆ ಸುತ್ತಿ ಬಿದ್ದವರೂ ಇದ್ದಾರೆ. ಬಹುಪಾಲು ಅವರು ಖಾಲಿ ಹೊಟ್ಟೆಯಲ್ಲಿ ಬಂದವರು, ಇಲ್ಲವೇ ರಾತ್ರಿ ನಿದ್ದೆಗೆಟ್ಟವರು. ಬರುವ ಮುಂಚೆ ಊಟ, ಸೂಜಿಗೆ ಮುಂಚೆ ಅರ್ಧ ಲೀಟರ್ ನೀರು, ಮಲಗಿದ್ದಾಗ ತೊಡೆ ಬಿಗಿಹಿಡಿದು ಬಿಡುವುದು, ಮುಗಿದ ಮೇಲೆ ಧಡಕ್ಕನೆ ಏಳದಿರುವುದು. ಇಷ್ಟು ಮಾಡಿದರೆ ಮತ್ತೆ ಬೀಳುವುದು ಬಹಳ ಕಡಿಮೆ.

ಸಿಟ್ಟಾಗಿ ಬಿಟ್ಟವರ ಹತ್ತಿರ ಮಾತಾಡುವುದು ಮಾತ್ರ ಕಷ್ಟ. ಒಬ್ಬರು ಹದಿನೇಳು ಸಲ ಕೊಟ್ಟವರು. ಅವರ ತಾಯಿಯ ಆಪರೇಷನ್ ವೇಳೆ ಒಂದು ಆಸ್ಪತ್ರೆಯಲ್ಲಿ "ನಿಮ್ಮ ಕಡೆಯಿಂದ ಇಬ್ಬರನ್ನ ಕರ್ಕೊಂಡು ಬನ್ನಿ, ಬಾಟ್ಲಿಗೆ ದುಡ್ಡೂ ಕಟ್ಟಿ" ಅಂದರಂತೆ. ರಕ್ತಕ್ಕೆ ಬೆಲೆ ಇಲ್ಲ ನಿಜ. ಕಟ್ಟಿಸಿಕೊಳ್ಳುವುದು ಚೀಲಕ್ಕೆ, ಹೆಚ್‌ಐವಿ, ಎರಡು ಥರದ ಕಾಮಾಲೆ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗೆ, ಕಣ ಬೇರ್ಪಡಿಸುವ ಖರ್ಚಿಗೆ. ಹೀಗಂತ ವಿವರಿಸಿದೆ. "ಅದು ಗೊತ್ತು ಮೇಡಂ, ಹದಿನೇಳು ಸಲ ಕೊಟ್ಟಿದೀನಿ ಅಂದ್ರೂ ಒಬ್ರೂ ಮುಖ ಎತ್ತಿ ನೋಡ್ಲಿಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ. ಅವರು ಇನ್ನೂ ಬಂದಿಲ್ಲ.

ಹಳಬರ ಹಿಂದೆ ಇಷ್ಟು ಬೀಳುವುದಕ್ಕೆ ಕಾರಣ ಇದೆ. ಸಾಮಾನ್ಯ ಚೀಲದಲ್ಲಿ ರಕ್ತ 35 ದಿನ ಮಾತ್ರ ಇಡಬಹುದು, ಅದರಿಂದ ಬೇರ್ಪಡಿಸಿದ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ 5 ದಿನ. ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಬಂತೆಂದರೆ ಕ್ಯಾಂಪಿನ ಮೇಲೆ ಕ್ಯಾಂಪ್, ಫ್ರಿಜ್ ತುಂಬಿ ತುಳುಕುತ್ತದೆ. ಏಪ್ರಿಲ್, ಮೇನಲ್ಲಿ ಕಾಲೇಜಿಗೆ ರಜೆ, ಬಿಸಿಲು ಬೇರೆ. ಆದರೆ ಹೈವೇ ಅಪಘಾತಕ್ಕೆ ರಜೆ ಇಲ್ಲ. ಥಲಸ್ಸೇಮಿಯಾ ಅನ್ನುವ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ಬೇಕೇ ಬೇಕು. ಆಗ ವಾಟ್ಸಾಪಿನಲ್ಲಿ "ಅರ್ಜೆಂಟ್ ಓ ನೆಗೆಟಿವ್" ಅಂತ ಓಡಾಡುತ್ತದೆ, ಕೆಲವು ಹಿಂದಿನ ವರ್ಷದ್ದು. ಅದಕ್ಕಿಂತ ಮೂರು ನಾಲ್ಕು ತಿಂಗಳಿಗೊಮ್ಮೆ ಸುಮ್ನೆ ಬಂದು ಕೊಟ್ಟು ಹೋಗುವ ಒಬ್ಬರು ನನಗೆ ಸಾಕು.

ಈಗ ನಾವು ವಾಪಸ್ ಕಳಿಸುವಾಗ ಒಂದು ಚೀಟಿ ಕೊಡುತ್ತೇವೆ. ಕಾರಣ, ಏನು ಮಾಡಬೇಕು, ಮತ್ತೆ ಯಾವ ತಾರೀಖಿಗೆ ಬರಬೇಕು, ಮೂರೇ ಸಾಲು.

ಟೀಚರ್ ಮೇನಲ್ಲಿ ಮಗನನ್ನು ಕರೆದುಕೊಂಡು ಬಂದರು. ಟೀಚರ್ ಬೆರಳು ಚುಚ್ಚಿ ಹನಿ ಬಿಟ್ಟೆ. ಅರ್ಧದವರೆಗೆ ಇಳಿದು, ಅಲ್ಲೇ ತಡೆದು, ಮೆಲ್ಲಗೆ ಮೇಲೆ ಬಂತು. ಮೆಷಿನ್‌ನಲ್ಲೂ ನೋಡಿದೆ, 12.1. ಹುಡುಗನಿಗೆ ಭಾರೀ ಖುಷಿ, "ಇನ್ನೊಂದು ಹನಿ ಬಿಡ್ರೀ ಆಂಟಿ" ಅಂದ. ಈ ಸಲ ಕುರ್ಚಿ ಎಳೆದು ಕೂರಿಸಿ ಎಲ್ಲ ಹೇಳಿದೆ, ಚೀಟಿ ಬರೆದೆ. ಅವರು ಅದನ್ನು ಮಡಚಿ ಫೋನಿನ ಕವರ್ ಹಿಂದೆ ಸಿಕ್ಕಿಸಿಕೊಂಡರು.

"ಆಗಸ್ಟ್‌ನಲ್ಲಿ ಶನಿವಾರ ಸ್ಕೂಲ್ ಮುಗಿಸ್ಕೊಂಡು ಬಂದ್ರೆ ಆಗುತ್ತಾ ಮೇಡಂ?"

"ಆಗುತ್ತಮ್ಮಾ. ಊಟ ಮಾಡ್ಕೊಂಡು ಬನ್ನಿ."